ಓಯ್ವ ಕೇಳಿಸಿಕೊಂಡ ಐನೂರ ಮೂವತ್ತೆಂಟು ಕರೆಗಳು

ಓಯ್ವ ನೂತಿನೆನ್ ಒಳ್ಳೆಯ ಮನುಷ್ಯನಾಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಾವು ಅವನಿಗೆ ಮಾಡಿದ್ದನ್ನು ಕೇಳಿದ ಕೂಡಲೇ ನೀವೆಲ್ಲ ಅಯ್ಯೋ ಪಾಪ ಎಂದು ಅವನ ಕಡೆ ವಾಲಿಬಿಡುತ್ತೀರಿ. ಜಿಪುಣ, ಮುಂಗೋಪಿ, ನಾಲಿಗೆಯಂತೂ ಕೊಡಲಿ. ಊರಿನ ಪಾದ್ರಿಯನ್ನೇ ಒಮ್ಮೆ ಶವಸಂಸ್ಕಾರ ಮುಗಿದು ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ, "ಇವತ್ತು ಸತ್ತವನ ಹೆಸರನ್ನ ಎರಡು ಸಲ ತಪ್ಪು ಹೇಳಿದ್ರಿ ನೀವು" ಎಂದು ಹಿಡಿದು ನಿಲ್ಲಿಸಿದವನು. ಒಬ್ಬನ ಹೆಸರನ್ನು ತಪ್ಪಾಗಿ ಹೇಳುವುದು, ತಪ್ಪಾಗಿ ಬರೆಯುವುದು ಅವನ ಪಾಲಿಗೆ ಕಳ್ಳತನಕ್ಕಿಂತ ಕೀಳು.

ಹದಿನಾರನೇ ವಯಸ್ಸಿಗೆ ಯೂರೋಪಿನ ಉತ್ತರದ ನಮ್ಮ ಸೀಮೆಯಲ್ಲಿ, ಹಾಪವಾರದ ರೈಲು ನಿಲ್ದಾಣದಲ್ಲಿ ತಂತಿ ಗುಮಾಸ್ತನಾಗಿ ಸೇರಿದ. ಒಂದು ಕೈಯಲ್ಲಿ ಉಪ್ಪುಮೀನು, ಇನ್ನೊಂದು ಕೈಯಲ್ಲಿ ಪೆನ್ಸಿಲ್, ಎದುರಿಗೆ ನಿಂತವರ ಜೊತೆ ಜಗಳ, ಇಷ್ಟರ ನಡುವೆಯೂ ಮೋರ್ಸ್ ಸಂಕೇತದಲ್ಲಿ ಬರುವ ತಂತಿಯನ್ನು ಒಂದಕ್ಷರ ತಪ್ಪದೆ ಬರೆದುಕೊಳ್ಳುತ್ತಿದ್ದನಂತೆ. ರೈಲಿನವರು ತಂತಿಯನ್ನು ಕಿತ್ತು ಬಿಸಾಡಿದ ಮೇಲೆ ಕಾಗದದ ಕಾರ್ಖಾನೆಗೆ ಹೋದ. ಅಲ್ಲಿ ಮೂವತ್ತು ವರ್ಷ ಆ ಯಂತ್ರಗಳ ಆರ್ಭಟದಲ್ಲಿ ನಿಂತ. ಆದರೆ ಮೋರ್ಸ್ ಬಿಡಲಿಲ್ಲ. ಹವ್ಯಾಸಿ ರೇಡಿಯೊ ಪರವಾನಗಿ ತೆಗೆದುಕೊಂಡು, ನಾಲ್ಕು ಜನರನ್ನು ಸೇರಿಸಿ, ತನ್ನದೇ ಕಾಡಿನ ಗುಡ್ಡದ ಮೇಲೆ ಒಂದು ಮರದ ಮನೆ ಕಟ್ಟಿ, ಮೂರು ಉಕ್ಕಿನ ಕಂಬ ನಿಲ್ಲಿಸಿ, ನಮ್ಮ ಕ್ಲಬ್ ಶುರುಮಾಡಿದ. ಗುಡ್ಡ ಅವನದು, ಗೇಟಿನ ಬೀಗದ ಕೈ ಅವನ ಜೇಬಿನಲ್ಲಿ. ಇದು ನೆನಪಿರಲಿ.

ನಮ್ಮ ಕಡೆ ಜನ ಮೀನು ಹಿಡಿಯುತ್ತಾರೆ, ಕಟ್ಟಿಗೆ ಒಡೆಯುತ್ತಾರೆ, ಕುಡಿಯುತ್ತಾರೆ. ನಾವು ಇವೆಲ್ಲದರ ಜೊತೆಗೆ ಸ್ಪರ್ಧೆಗೂ ಕೂರುತ್ತೇವೆ. ನವೆಂಬರ್ ಕೊನೆಯ ಶನಿವಾರ, ಭಾನುವಾರ. ಆ ಎರಡು ದಿನದಲ್ಲಿ ಪ್ರಪಂಚದ ಎಷ್ಟು ನಿಲಯಗಳ ಜೊತೆ ಮಾತಾಡಿದಿರಿ ಅನ್ನುವುದೇ ಲೆಕ್ಕ. ಮಾತು ಅಂದರೆ ಮಾತಲ್ಲ, ಮೂರು ಸೆಕೆಂಡಿನ ಕಿರುಗುಟ್ಟುವಿಕೆ. ಒಬ್ಬೊಬ್ಬರಿಗೂ ಅಕ್ಷರ ಅಂಕಿ ಸೇರಿದ ಒಂದು ಸಂಕೇತನಾಮ ಇರುತ್ತದೆ. ಅದನ್ನು ಕೇಳಿಸಿಕೊಳ್ಳಬೇಕು, ಅವನಿಗೆ ತಿರುಗಿ ಹೇಳಬೇಕು, ಲಾಗ್ ಎಂಬ ಪಟ್ಟಿಯಲ್ಲಿ ಬರೆದುಕೊಳ್ಳಬೇಕು. ಆಮೇಲೆ ತೀರ್ಪುಗಾರರು ಎಲ್ಲರ ಪಟ್ಟಿಗಳನ್ನೂ ಒಂದರ ಪಕ್ಕ ಒಂದು ಇಟ್ಟು ನೋಡುತ್ತಾರೆ. ಒಂದಕ್ಷರ ತಪ್ಪಿದರೂ ಆ ಕರೆ ಹೋಯಿತು, ಅದರ ಮೇಲೆ ಇನ್ನೂ ಮೂರು ಕರೆ ದಂಡ.

ಆ ದಂಡದ ಸಲುವಾಗಿಯೇ ಓಯ್ವ ಎಪ್ಪತ್ತೊಂಬತ್ತನೇ ಇಸವಿಯಲ್ಲಿ ನನ್ನನ್ನು ಕುರ್ಚಿಯಿಂದ ಎಬ್ಬಿಸಿದ್ದು. ನನಗೆ ಇಪ್ಪತ್ತೆರಡು. ಒಂದು ಗಂಟೆಯಲ್ಲಿ ಮೂರು ತಪ್ಪು ಮಾಡಿದ್ದೆ. ಹಿಂದಿನಿಂದ ಬಂದು ಹೆಡ್‌ಫೋನನ್ನು ತಲೆಯಿಂದ ಕಿತ್ತ. ಕಿವಿಯೂ ಜೊತೆಗೆ ಬಂತೇನೋ ಅನ್ನಿಸಿತು.

"ತಾರ್ಮೊ, ಕಾಫಿ ಕಾಯಿಸೋಕೆ ಕಿವಿ ಬೇಡ. ಎದ್ದು ಒಲೆ ಹತ್ರ ಹೋಗು."

ಎಲ್ಲರೂ ನಕ್ಕರು. ಹನ್ನೊಂದು ವರ್ಷ ಕಾಫಿ ಕಾಯಿಸಿದೆ. ಇಲ್ಪೊನ ಅಪ್ಪನನ್ನೂ ಹೀಗೇ ಎಬ್ಬಿಸಿದ್ದ. ಆ ಮನುಷ್ಯ ಮತ್ತೆ ಗುಡ್ಡ ಹತ್ತಲೇ ಇಲ್ಲ, ಮೂರು ವರ್ಷಕ್ಕೆ ಸತ್ತ. ಅದೇ ಇಲ್ಪೊ ಈಗ ನಮ್ಮ ತಂಡದ ನಾಯಕ, ನಾನು ಕಾರ್ಯದರ್ಶಿ. ಹಾಗಾಗಿ ದಯೆ ದಾಕ್ಷಿಣ್ಯ ನಮ್ಮಲ್ಲಿ ಎಷ್ಟಿತ್ತು ಅಂತ ನೀವೇ ಲೆಕ್ಕ ಹಾಕಿ.

ಹಾಗಂತ ಅವನು ತನಗೊಂದು, ಪರರಿಗೊಂದು ಅನ್ನುವವನಲ್ಲ. ಪ್ರತಿ ವರ್ಷ ಸ್ಪರ್ಧೆಗೆ ಮುಂಚೆ ಬಟಾಣಿ ಸೂಪ್ ಕುಡಿಯುತ್ತಾ ಅದೇ ಮಾತು ಹೇಳುತ್ತಿದ್ದ: "ಈ ಕಿವಿ ನೆಟ್ಟಗಿರೋ ತನಕ ಆ ಕುರ್ಚಿ ನಂದು. ಕಿವಿ ಕೈಕೊಟ್ಟ ದಿನ ನಾನೇ ಎದ್ದು ಹೋಗ್ತೀನಿ. ಯಾರೂ ಕೈ ಹಿಡಿದು ಎಬ್ಬಿಸೋದು ಬೇಡ." ಅವನಿಗೆ ಜೀವನದಲ್ಲಿ ಇನ್ನೇನೂ ಬೇಕಾಗಿರಲಿಲ್ಲ. ಮಕ್ಕಳಿರಲಿಲ್ಲ. ಹೆಂಡತಿ ಐಲಿ ಇದ್ದಳು, ಅವಳ ಜೊತೆ ದಿನಕ್ಕೆ ಹತ್ತು ಮಾತು. ಉಳಿದದ್ದೆಲ್ಲ ಆ ಎರಡು ಕಿವಿ, ಆ ಒಂದು ಕುರ್ಚಿ.

ಎರಡು ಸಾವಿರದ ಇಸವಿಯ ಸ್ಪರ್ಧೆಯಲ್ಲಿ ಕರಾವಳಿಯ ಕ್ಲಬ್ಬಿನವರ ಎದುರು ಸೋತೆವು. ಮಾರನೇ ವಸಂತಕ್ಕೆ ತೀರ್ಪುಗಾರರ ತಪ್ಪುಪಟ್ಟಿ ಬಂತು. ಇಲ್ಪೊ ಅದನ್ನು ನನಗೆ ಕ್ಲಬ್ಬಿನ ಸೌನಾದಲ್ಲಿ, ಆ ಹಬೆಸ್ನಾನದ ಮನೆಯಲ್ಲಿ, ಬೆವರು ಸುರಿಸುತ್ತಾ, ಬಾಯಿಪಾಠ ಒಪ್ಪಿಸಿದ.

"ಮುದುಕ ಮಾಡಿದ್ದು ನಾನೂರ ಹನ್ನೆರಡು. ತಪ್ಪು ಎಷ್ಟು ಹೇಳು?"

"ಹತ್ತು?"

"ಅರವತ್ತೊಂದು! ದಂಡ ಸೇರಿಸ್ಕೋ. ನಾವು ಸೋತಿದ್ದು ಅದರ ಅರ್ಧದಷ್ಟರಲ್ಲಿ. ಲೋ, ಆ ಕುರ್ಚೀಲಿ ಬೇರೆ ಯಾರೇ ಕೂತಿದ್ರೂ ಬಹುಮಾನದ ಬಟ್ಟಲು ನಮ್ಮದಾಗ್ತಿತ್ತು ಕಣೋ."

"ಹೇಳಿಬಿಡೋಣ. ಕಿವಿ ಹೋದ್ರೆ ನಾನೇ ಎದ್ದು ಹೋಗ್ತೀನಿ ಅಂತಾನಲ್ಲ."

"ನೀನು ಹೇಳ್ತೀಯಾ?"

ಇಲ್ಪೊ ಕಾದ ಕಲ್ಲುಗಳ ಮೇಲೆ ಒಂದು ಸೌಟು ನೀರು ಚೆಲ್ಲಿದ. ಹಬೆ ಎದ್ದು ಇಬ್ಬರ ಮುಖವೂ ಕಾಣದಾಯಿತು.

"ಮಾತಿಗೆ ಹಾಗಂತಾನೆ. ಪಟ್ಟಿ ತೋರಿಸಿದ್ರೆ ತೀರ್ಪುಗಾರರೇ ಕಿವುಡರು ಅಂತಾನೆ. ಗೇಟಿಗೆ ಬೀಗ ಜಡೀತಾನೆ. ಆಮೇಲೆ ಕಂಬ ಎಲ್ಲಿ ನೆಡ್ತೀಯಾ, ನಿಮ್ಮಮ್ಮನ ಆಲೂಗಡ್ಡೆ ತೋಟದಲ್ಲಾ?" ಇನ್ನೊಂದು ಸೌಟು ನೀರು ಚೆಲ್ಲಿ ಹೇಳಿದ: "ಅವನು ಕೂರಲಿ. ಕರೀಲಿ. ಆದ್ರೆ ಅವನ ತಂತಿ ಕಂಬಕ್ಕೆ ಹೋಗೋದು ಬೇಡ, ಕಂಬ ಬೇರೆಯವರಿಗೆ ಸಿಗಲಿ. ಇಲ್ಲಿಗೆ ಬರಲಿ, ಈ ಬಟ್ಟೆ ಬಿಚ್ಚೋ ಕೋಣೆಗೆ. ಇಲ್ಲಿ ನೀನಿರ್ತೀಯ. ಪ್ರಪಂಚ ಅವನಿಗೆ ಉತ್ತರ ಕೊಡೋ ಹಾಗೆ ನೀನು ಕೊಡು."

ನಾನು ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ನಕ್ಕಿದ್ದೂ ಬರೆಯಬೇಕಲ್ಲ, ಬರೆದಿದ್ದೇನೆ.

ಆ ವರ್ಷ ಸ್ಪರ್ಧೆಯ ಶನಿವಾರ ಬೆಳಗ್ಗೆ ಹಿಮ ಮೊಣಕಾಲುದ್ದ. ಓಯ್ವನ ಪಾಳಿ ಆ ಒಂದು ದಿನ ಮಾತ್ರ. ಅವನಿಗೆ ಹಿಂದಿನ ಪುಟ್ಟ ಕೋಣೆ ಕೊಟ್ಟೆವು. "ಗಲಾಟೆ ಇರಲ್ಲ" ಎಂದು ಇಲ್ಪೊ ಬೆಣ್ಣೆ ಹಚ್ಚಿದ. ಅವನ ಯಂತ್ರದಿಂದ ಹೊರಟ ತಂತಿ ಗೋಡೆ ದಾಟಿ, ಹಿಮದ ಅಡಿಯಲ್ಲಿ ಹಾದು, ಸೌನಾದ ಬಟ್ಟೆ ಬಿಚ್ಚುವ ಕೋಣೆಗೆ ಬಂದು, ಎಣ್ಣೆ ತುಂಬಿದ ಒಂದು ತಗಡಿನ ಡಬ್ಬಿಯಲ್ಲಿ ಮುಗಿಯುತ್ತಿತ್ತು. ಅವನು ಕಳಿಸಿದ್ದೆಲ್ಲ ಆ ಡಬ್ಬಿಯಲ್ಲಿ ಬಿಸಿಯಾಗಿ ಅಲ್ಲೇ ಸಾಯುತ್ತಿತ್ತು. ಪಕ್ಕದಲ್ಲಿ ನಾನು, ಅದೇ ತಂತಿಗೆ ಜೋಡಿಸಿದ ನನ್ನ ಬೆಂಕಿಪೊಟ್ಟಣದಷ್ಟು ಶಕ್ತಿಯ ಯಂತ್ರ, ಅಕ್ಷರ ಒತ್ತಿದರೆ ಮೋರ್ಸ್ ಮಾಡಿ ಕಳಿಸುವ ಕಂಪ್ಯೂಟರು, ಬಾನಿನ ಗೊರಗೊರ ಸದ್ದು ತುಂಬಿಸಿಟ್ಟ ಕ್ಯಾಸೆಟ್ಟು. ಕರೆಯುವವರ ಸಂಕೇತನಾಮಗಳಿಗೆ ಹಳೆಯ ವರ್ಷಗಳ ಪಟ್ಟಿ. ಎಲ್ಲ ನಿಜವಾದ ಮನುಷ್ಯರ ಹೆಸರುಗಳೇ.

"ನಿಮಗೆ ಒಂದೇ ಕೆಲಸ ಓಯ್ವ," ಅಂದ ಇಲ್ಪೊ. "ರೇಡಿಯೊ ಮುಳ್ಳಿನ ಇದೊಂದು ಜಾಗ ಹಿಡಿದು ಕೂತು ಕರೀತಾ ಇರಿ. ಬರೋರು ಬರ್ತಾರೆ. ಗುಂಡಿ ತಿರುಗಿಸಿ ಹುಡುಕೋ ಕೆಲಸ ಬೇರೆಯವರದ್ದು. ಜಾಗ ಬಿಟ್ಟರೆ ಕರಾವಳಿಯವರು ಬಂದು ಕೂತ್ಕೋತಾರೆ."

"ಅದನ್ನ ನಿಂಗೆ ಕಲಿಸಿದ್ದೇ ನಾನು," ಅಂದ ಓಯ್ವ. ಕೋಟು ತೆಗೆದು ಮೊಳೆಗೆ ಹಾಕಿ, ಮೂರು ಪೆನ್ಸಿಲ್ ಚೂಪು ಮಾಡಿಕೊಂಡು ಕೂತ. ನಾವೆಲ್ಲ ಕಂಪ್ಯೂಟರಿನಲ್ಲೇ ಬರೆದುಕೊಳ್ಳುತ್ತಿದ್ದೆವು. ಅವನು ಮಾತ್ರ ಕಾಗದ, ಅದರ ಕೆಳಗೆ ಮಸಿಕಾಗದ, ಅದರ ಕೆಳಗೆ ಇನ್ನೊಂದು ಕಾಗದ. ಮೇಲಿನದು ಕ್ಲಬ್ಬಿಗೆ, ಕೆಳಗಿನದು ತನಗೆ.

ಮೊದಲ ಒಂದು ಗಂಟೆ ಬಲು ಮಜವಾಗಿತ್ತು, ಸುಳ್ಳೇಕೆ ಹೇಳಲಿ. ನಾನು ಜಪಾನಿನವನಾದೆ, ಬ್ರೆಜಿಲಿನವನಾದೆ, ಸೈಬೀರಿಯಾದ ಕುಡುಕನಂತೆ ಅಕ್ಷರ ತೊದಲಿದೆ. ಇಬ್ಬರು ಒಟ್ಟಿಗೆ ಕರೆದಂತೆ ಒಂದರ ಮೇಲೊಂದು ಹಾಕಿದೆ. ಅವನು ತಿರುಗಿ ಹೇಳಿದ್ದು ನನ್ನ ಕಿವಿಗೆ ಬರುತ್ತಿತ್ತಲ್ಲ, ತಪ್ಪಲಿ ಎಂದು ಕಾದೆ. ತಪ್ಪಿದರೆ ಎದ್ದು ಹೋಗಿ ಇಲ್ಪೊಗೆ ಹೇಳಿ ನಗಬೇಕು.

ಅವನು ತಪ್ಪಲಿಲ್ಲ.

ನೂರು ಕರೆಯಾಯಿತು, ಒಂದೂ ತಪ್ಪಿಲ್ಲ. ನೂರೈವತ್ತಾಯಿತು. ವೇಗ ಹೆಚ್ಚಿಸಿದೆ, ಸದ್ದು ಇಳಿಸಿದೆ, ಕ್ಯಾಸೆಟ್ಟಿನ ಗೊರಗೊರ ಏರಿಸಿದೆ. ಮುದುಕ ಒಂದೊಂದನ್ನೂ ಕಚ್ಚಿ ಹಿಡಿಯುತ್ತಿದ್ದ. ನನಗೆ ತಲೆ ಕೆಟ್ಟುಹೋಯಿತು. ಇವನಾ ಅರವತ್ತೊಂದು ತಪ್ಪು ಮಾಡಿದವನು? ಆಮೇಲೆ ಹೊಳೆಯಿತು. ನನ್ನ ಹಳೇ ಯಂತ್ರ ಅವನ ಜಾಗಕ್ಕಿಂತ ಕೂದಲೆಳೆಯಷ್ಟು ಕೆಳಗೆ ಸರಿದಿತ್ತು. ಆದ್ದರಿಂದ ನನ್ನ ಸದ್ದು ಅವನಿಗೆ ದಪ್ಪ ಸ್ವರದಲ್ಲಿ ಕೇಳುತ್ತಿತ್ತು. ಅವನು ಜೀವಮಾನವಿಡೀ ಕೀಚಲು ಸ್ವರದಲ್ಲೇ ಕೇಳಿ ಅಭ್ಯಾಸವಾದವನು. ಕಾರ್ಖಾನೆ ಅವನ ಕಿವಿಯಿಂದ ತಿಂದುಹಾಕಿದ್ದು ಆ ಕೀಚಲನ್ನು ಮಾತ್ರ. ಸ್ವರ ಇಳಿಸುವ ಗುಂಡಿ ಅವನ ಯಂತ್ರದ ಮುಖದ ಮೇಲೇ ಇತ್ತು, ಎಡಗಡೆ, ಕೆಳಗೆ. ಒಂದು ಸುತ್ತು ತಿರುಗಿಸಿದ್ದರೆ ಸಾಕಿತ್ತು.

ಮಧ್ಯಾಹ್ನ ಊಟಕ್ಕೆ ಹೋದಾಗ ಇಲ್ಪೊನನ್ನು ಮೂಲೆಗೆ ಕರೆದು ಹೇಳಿದೆ.

"ಅವನ ಕಿವಿ ಚೆನ್ನಾಗಿದೆ ಕಣೋ. ಗುಂಡಿ ತಿರುಗಿಸಿದ್ರೆ ಆಯ್ತು. ನಮ್ಮೆಲ್ಲರಿಗಿಂತ ಚುರುಕು."

ಇಲ್ಪೊ ಬಾಯಿತುಂಬ ಸಾಸೇಜ್ ಇಟ್ಟುಕೊಂಡು ನನ್ನನ್ನೇ ದಿಟ್ಟಿಸಿದ.

"ಈಗ ಬಂದು ಹೇಳ್ತೀಯಾ? ಆರು ಗಂಟೆ ಹೊತ್ತು ಡಬ್ಬಿಗೆ ಕರೆದಿದ್ದೀರಿ, ಬನ್ನಿ, ಕಂಬಕ್ಕೆ ಸೇರಿಸ್ತೀವಿ ಅಂತ ನಾನು ಹೋಗಿ ಹೇಳ್ಬೇಕಾ? ತಿನ್ನು, ಹೋಗು, ಕೂತ್ಕೋ. ಇವತ್ತೊಂದು ದಿನ."

ತಿಂದೆ. ಹೋದೆ. ಕೂತೆ.

ಮೂರು ಗಂಟೆಗೆ ಬೆಳಕು ಕಂದುವ ಹೊತ್ತಿಗೆ ಅವನ ಕೈ ನಿಧಾನವಾಗತೊಡಗಿತು. ಎಪ್ಪತ್ತೊಂದು ವರ್ಷದವನು, ಬೆಳಗ್ಗೆ ಆರಕ್ಕೆ ಕೂತವನು, ಒಂದು ಸಲವೂ ಎದ್ದಿರಲಿಲ್ಲ. ಆಗ ನನಗೆ ಏನೋ ಆಯಿತು. ಕನಿಕರವೋ, ಚೇಷ್ಟೆಯೋ, ಇವತ್ತಿಗೂ ಬಿಡಿಸಲಾರೆ. ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಒಂದು ಬರಡು ದ್ವೀಪ ಇದೆ, ಅಲ್ಲಿ ಒಬ್ಬನೇ ಒಬ್ಬ ರೇಡಿಯೊದವನು. ಓಯ್ವ ಅವನಿಗಾಗಿ ಮೂವತ್ತೊಂದು ವರ್ಷ ಕಾದಿದ್ದ. ಜಗತ್ತಿನ ಎಲ್ಲ ಮೂಲೆಯೂ ಸಿಕ್ಕಿ ಅದೊಂದೇ ಸಿಕ್ಕಿರಲಿಲ್ಲ. ನಾನು ಆ ಸಂಕೇತನಾಮ ಒತ್ತಿದೆ. ಬಹಳ ಮೆಲ್ಲಗೆ, ಗೊರಗೊರದ ಅಡಿಯಿಂದ.

ಆಮೇಲೆ ಅವನು ಮತ್ತೊಮ್ಮೆ ಹೇಳು ಎಂದು ಕೇಳಿದ. ಹೇಳಿದೆ. ಅವನು ತಿರುಗಿ ಕಳಿಸಿದ, ಒಂದೊಂದಕ್ಷರವನ್ನೂ ಮೊಟ್ಟೆ ಹಿಡಿದಂತೆ. ಮುಂದಿನ ಗಳಿಗೆಯಲ್ಲಿ ಅಂಗಳದಿಂದ ಕೂಗು ಕೇಳಿತು. ಎದ್ದು ಹೊರಗೆ ಬಂದೆ. ಓಯ್ವ ಬರೀ ಕಾಲುಚೀಲದಲ್ಲಿ ಹಿಮದ ಮೇಲೆ ನಿಂತಿದ್ದ.

"ತಾರ್ಮೊ! ಸಿಕ್ಕಿಬಿಟ್ಟ ಕಣೋ! ಎಲ್ಲರೂ ಈ ಮುದುಕನ ಕಿವಿ ಹೋಯ್ತು ಅಂತ ಪಿಸುಗುಟ್ಟೋದು ನಂಗೆ ಗೊತ್ತಿಲ್ವಾ? ಬೆಕ್ಕು ಉಸಿರಾಡಿದ ಹಾಗಿತ್ತು, ಹಿಡಿದುಬಿಟ್ಟೆ!"

"ಭೇಷ್ ಓಯ್ವ," ಅಂದೆ. "ಒಳಗೆ ಹೋಗಿ, ಕಾಲು ಸೆಟೆದುಕೊಳ್ಳುತ್ತೆ."

ಅವನು ನನ್ನ ಭುಜ ಹಿಡಿದು ಅಲುಗಾಡಿಸಿದ. ಇಪ್ಪತ್ತೆರಡು ವರ್ಷದಲ್ಲಿ ಅವನು ನನ್ನನ್ನು ಮುಟ್ಟಿದ್ದು ಅದೇ ಮೊದಲು.

ಐನೂರ ಮೂವತ್ತೆಂಟು ಮಾಡಿದ. ನಾಲ್ಕೇ ತಪ್ಪು. ಮೇಲಿನ ಕಾಗದಗಳನ್ನು ಟೈಪ್ ಮಾಡುತ್ತೇನೆಂದು ತೆಗೆದುಕೊಂಡು ಬಂದು ಸೌನಾದ ಒಲೆಗೆ ಹಾಕಿದೆ. ಉಳಿದವರ ಪಟ್ಟಿ ತೀರ್ಪುಗಾರರಿಗೆ ಹೋಯಿತು. ಜನವರಿ ಕೊನೆಗೆ ಸುದ್ದಿ ಬಂತು: ನಾವೇ ಮೊದಲು. ಕರಾವಳಿಯವರು ಎರಡನೆಯವರು. ಇಲ್ಪೊ ಬಟ್ಟಲನ್ನು ಓಯ್ವನ ಕೈಗೇ ಕೊಟ್ಟು ಫೋಟೊ ತೆಗೆಸಿದ. ಎಂಥ ನಾಟಕ!

ಆದರೆ ನಾವು ಕೆಟ್ಟಿದ್ದು ಒಂದು ಮರೆವಿನಿಂದ. ನಮ್ಮ ಜನಕ್ಕೆ ಕರೆ ಮುಗಿಯುವುದು ಕರೆಯಿಂದಲ್ಲ, ಕಾರ್ಡಿನಿಂದ. ಇಂಥ ದಿನ, ಇಂಥ ಹೊತ್ತಿಗೆ ನಿನ್ನನ್ನು ಕೇಳಿದೆ ಎಂದು ಒಂದು ಅಂಚೆಕಾರ್ಡು ಕಳಿಸಬೇಕು. ಅವನು ಹೌದು, ನಾನೂ ಕೇಳಿದೆ ಎಂದು ತನ್ನದೊಂದು ಕಳಿಸಬೇಕು. ಈಚಿನವರು ನಾವು ಆ ಗೋಜಿಗೇ ಹೋಗುತ್ತಿರಲಿಲ್ಲ. ಅದು ಓಯ್ವನ ಪಾಲಿನ ಕೆಲಸ ಅನ್ನುವುದು ನಮ್ಮ ತಲೆಯಲ್ಲೇ ಇರಲಿಲ್ಲ. ಅವನು ಆ ಚಳಿಗಾಲವಿಡೀ ಅಡುಗೆಮನೆಯ ಮೇಜಿನ ಮೇಲೆ ಕಂದೀಲಿನಷ್ಟು ಬೆಳಕಲ್ಲಿ ಕೂತು, ಮಸಿಕಾಗದದ ಕೆಳಗಿನ ಪ್ರತಿ ನೋಡಿಕೊಂಡು, ಐನೂರ ಮೂವತ್ತೆಂಟು ಕಾರ್ಡು ಕೈಯಲ್ಲೇ ಬರೆದಿದ್ದ. ಅಂಚೆಗೆ ಮೊದಲು ಹೋದದ್ದು ದ್ವೀಪದವನ ಕಾರ್ಡು.

ಮಾರ್ಚ್ ತಿಂಗಳ ಒಂದು ದಿನ ಅವನು ನನ್ನ ಮನೆಗೆ ಬಂದ. ಟೋಪಿಯನ್ನೂ ತೆಗೆಯದೆ ಒಂದು ಕಾಗದ ಮುಂದೆ ಹಿಡಿದ. ದ್ವೀಪದವನು ಬಹಳ ಮರ್ಯಾದೆಯಿಂದ ಬರೆದಿದ್ದ. ಆ ಇಡೀ ವಾರ ಬಿರುಗಾಳಿಗೆ ತನ್ನ ಕಂಬ ನೆಲ ಕಚ್ಚಿತ್ತು, ತನ್ನ ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ, ಕ್ಷಮಿಸಿ.

"ಯಾವನೋ ಕಳ್ಳ ಅವನ ಹೆಸರಲ್ಲಿ ಕರೆದಿರಬೇಕು, ಅಲ್ವೇನೋ?" ಅಂದ ಓಯ್ವ.

"ಕಳ್ಳನೇ," ಅಂದೆ. "ಇಂಥವರು ಬೇಕಾದಷ್ಟು ಜನ ಇದ್ದಾರೆ."

"ಇಂಥವರಿಗೆ ಏನು ಸಿಗುತ್ತೋ ಇದರಿಂದ?"

"ಏನೂ ಸಿಗಲ್ಲ ಓಯ್ವ. ಮಜ ಅಷ್ಟೇ."

ಅವನಿಗೆ ಸಮಾಧಾನವಾಯಿತು. ಕಾಫಿ ಕುಡಿದು ಹೋದ. ಆದರೆ ಮುಂದಿನ ವಾರ ಜರ್ಮನಿಯಿಂದ ಒಂಬತ್ತು ಕಾರ್ಡು ವಾಪಸು ಬಂದವು, ಎಲ್ಲದರ ಮೇಲೂ ಒಂದೇ ಮುದ್ರೆ: ನಮ್ಮ ಲಾಗ್‌ನಲ್ಲಿ ಇಲ್ಲ. ಆಮೇಲೆ ಜಪಾನಿನಿಂದ ಹದಿನಾಲ್ಕು. ಆಮೇಲೆ ಅಂಚೆಯವಳು ಕಟ್ಟು ಕಟ್ಟಿ ತರತೊಡಗಿದಳು. ನಮ್ಮ ಜನದಲ್ಲಿ ಆ ಮುದ್ರೆಗೆ ಒಂದೇ ಅರ್ಥ. ನೀನು ಮಾಡದ ಕರೆಯನ್ನು ಮಾಡಿದೆ ಅನ್ನುತ್ತಿದ್ದೀಯ, ನೀನು ಸುಳ್ಳ. ಅಷ್ಟೂ ಕಡೆ ಕಳ್ಳರು ಇರಲು ಸಾಧ್ಯವಿಲ್ಲ ಎಂದು ಓಯ್ವನಿಗೆ ಅರ್ಥವಾಗಲು ಹೆಚ್ಚು ದಿನ ಬೇಕಾಗಲಿಲ್ಲ. ನಾವೇ ಕಳ್ಳರು ಅನ್ನುವುದು ಮಾತ್ರ ಅವನಿಗೆ ಹೊಳೆಯಲಿಲ್ಲ. ಹೇಗೆ ಹೊಳೆಯಬೇಕು? ಬಾಯಿಗೆ ಬಂದಂತೆ ಬೈದಿದ್ದಾನೆ, ಕುರ್ಚಿಯಿಂದ ಎಬ್ಬಿಸಿದ್ದಾನೆ, ಆದರೆ ನಮ್ಮಲ್ಲಿ ಯಾರಾದರೂ ಸುಳ್ಳು ಕರೆ ಕೊಡಬಹುದು ಎಂದು ಆ ಮನುಷ್ಯ ಕನಸಿನಲ್ಲೂ ಎಣಿಸಿರಲಿಲ್ಲ.

ಏಪ್ರಿಲ್‌ನ ವಾರ್ಷಿಕ ಸಭೆಗೆ ಹನ್ನೊಂದು ಜನ ಗುಡ್ಡದ ಮನೆಯಲ್ಲಿ ಸೇರಿದ್ದೆವು. ಸೂಪ್ ಮುಗಿದು ದೋಸೆಯಂಥ ಪ್ಯಾನ್‌ಕೇಕ್ ಬಂದಿತ್ತು. ಓಯ್ವ ಎದ್ದು ನಿಂತ. ಮೇಜಿನ ಮೇಲೆ ಆ ಕಾರ್ಡುಗಳ ಕಟ್ಟುಗಳನ್ನು ಒಂದೊಂದಾಗಿ ಇಟ್ಟ.

"ನಾನು ಇಲ್ಲದವರನ್ನ ಕೇಳಿಸಿಕೊಂಡಿದ್ದೀನಿ," ಅಂದ. "ಒಬ್ಬಿಬ್ಬರಲ್ಲ. ಇನ್ನೂರ ಆರು ಕಾರ್ಡು ವಾಪಸು ಬಂದಿವೆ, ಒಂದೂ ಹೌದು ಅಂದಿಲ್ಲ. ಇಡೀ ದಿನ ಕೂತು ನನ್ನ ತಲೆಯೊಳಗಿನ ಸದ್ದನ್ನ ಬರೆದಿದ್ದೀನಿ. ಕಿವಿ ಹೋದ್ರೆ ಎದ್ದು ಹೋಗ್ತೀನಿ ಅಂತಿದ್ದೆ. ಇದು ಕಿವಿ ಅಲ್ಲ, ಇದಕ್ಕೂ ಮೇಲೆ." ತಲೆ ಮುಟ್ಟಿಕೊಂಡ. "ನನ್ನಿಂದ ನಿಮ್ಮ ಬಟ್ಟಲಿಗೂ ಕಳಂಕ. ತೀರ್ಪುಗಾರರಿಗೆ ಮೊನ್ನೆ ಬರೆದು ಹಾಕಿದ್ದೀನಿ. ನಮ್ಮ ಪಟ್ಟಿಯಲ್ಲಿ ನಡೆಯದ ಕರೆ ಐನೂರ ಮೂವತ್ತೆಂಟು ಇವೆ, ಎಲ್ಲ ನನ್ನವು, ಹುಡುಗರ ತಪ್ಪಿಲ್ಲ ಅಂತ."

ಇಲ್ಪೊ ಬಿಳಿಚಿಕೊಂಡ. ಮುದುಕನ ಅವಸ್ಥೆ ನೋಡಿ ಅಲ್ಲ, ತೀರ್ಪುಗಾರರು ಅಂದ ಪದ ಕೇಳಿ. ನಾನು ಮೇಜಿನ ಕೆಳಗೆ ನನ್ನ ಬೂಟು ನೋಡುತ್ತಿದ್ದೆ. ನಮ್ಮಿಬ್ಬರನ್ನು ಬಿಟ್ಟು ಇನ್ನೂ ಮೂರು ಜನಕ್ಕೆ ವಿಷಯ ಗೊತ್ತಿತ್ತು. ಒಬ್ಬನಾದರೂ ಬಾಯಿ ಬಿಡಬೇಕಲ್ಲ! ಒಬ್ಬ ಕೆಮ್ಮಿದ. ಒಬ್ಬ ಜಾಮ್ ಕೇಳಿದ.

"ಡಾಕ್ಟರಿಗೆ ತೋರಿಸಿಕೊಳ್ಳಿ ಓಯ್ವ," ಅಂದ ಇಲ್ಪೊ ಕೊನೆಗೆ. "ಇದೆಲ್ಲ ವಯಸ್ಸಾದವರಿಗೆ ಇದ್ದದ್ದೇ."

"ತೋರಿಸ್ತೀನಿ." ಅವನು ಜೇಬಿನಿಂದ ಗೇಟಿನ ಬೀಗದ ಕೈ ತೆಗೆದು ಕಾರ್ಡುಗಳ ಮೇಲಿಟ್ಟ. "ಈ ಗುಡ್ಡ ಕ್ಲಬ್ಬಿನ ಹೆಸರಿಗೆ ಬರೆಸ್ತೀನಿ. ನಾಳೆ ನನ್ನ ತಲೆ ಪೂರ್ತಿ ಕೆಟ್ಟರೆ ನಿಮಗೆ ತೊಂದ್ರೆ ಆಗಬಾರದು." ಹಾಗೆಂದು ಕೋಟು ಹಾಕಿಕೊಂಡು ಇಳಿದುಹೋದ. ಯಾವ ಗುಡ್ಡ ಕಳೆದುಹೋದೀತೆಂದು ನಾವು ಇಷ್ಟೆಲ್ಲ ಮಾಡಿದ್ದೆವೋ ಅದನ್ನೇ ಮೇಜಿನ ಮೇಲಿಟ್ಟು ಹೋದ.

ಮೂರು ವಾರಕ್ಕೆ ತೀರ್ಪುಗಾರರ ಪತ್ರ ಬಂತು. ನಿಮ್ಮ ಸದಸ್ಯರು ಹೇಳುವ ಐನೂರ ಮೂವತ್ತೆಂಟು ಕರೆಗಳಲ್ಲಿ ಒಂದೂ ನೀವು ಕಳಿಸಿದ ಪಟ್ಟಿಯಲ್ಲಿ ಇಲ್ಲ, ಇದು ಹೇಗೆ ಎಂದು ವಿವರಿಸಿ. ಇಲ್ಪೊ ಅದನ್ನು ಎರಡು ಸಲ ಓದಿದ.

"ಎರಡೇ ದಾರಿ," ಅಂದ. "ಡಬ್ಬಿ ವಿಷಯ ಹೇಳಿದ್ರೆ ಇಡೀ ಯೂರೋಪು ನಮ್ಮ ಮುಖಕ್ಕೆ ಉಗಿಯುತ್ತೆ. ಇನ್ನೊಂದು..."

"ಇನ್ನೊಂದು?"

"ಮುದುಕನೇ ತಾನಾಗಿ ಹೇಳಿದ್ದಾನಲ್ಲೋ, ತಲೆ ಸರಿ ಇಲ್ಲ ಅಂತ. ಅದನ್ನೇ ಬರಿ. ನಾವು ಹೊಸದಾಗಿ ಏನೂ ಹೇಳಿದ ಹಾಗಾಗಲ್ಲ."

ಬರೆದವನು ನಾನು. ನಮ್ಮ ಹಿರಿಯ ಸದಸ್ಯರು ಕೆಲಕಾಲದಿಂದ ಮಾನಸಿಕವಾಗಿ ಸ್ವಸ್ಥರಾಗಿಲ್ಲ, ಅವರ ಮೇಲಿನ ಗೌರವದಿಂದ ಸ್ಪರ್ಧೆಯ ದಿನ ಕೂರಲು ಬಿಟ್ಟೆವು, ಅವರ ಕರೆಗಳನ್ನು ಪಟ್ಟಿಗೆ ಸೇರಿಸಲಿಲ್ಲ, ದಯವಿಟ್ಟು ಅವರ ಪತ್ರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಕೆಳಗೆ ಸಹಿ, ತಾರ್ಮೊ ಹಕ್ಕರೈನೆನ್, ಕಾರ್ಯದರ್ಶಿ. ತೀರ್ಪುಗಾರರು ಒಳ್ಳೆಯವರು. ಅವರು ನನ್ನ ಪತ್ರದ ಒಂದು ಪ್ರತಿಯನ್ನು ಓಯ್ವನಿಗೂ ಕಳಿಸಿ, ನಿಮ್ಮ ಗೆಳೆಯರು ಎಷ್ಟು ಕಾಳಜಿಯವರು, ಬೇಗ ಗುಣವಾಗಲಿ ಎಂದು ಬರೆದಿದ್ದರು.

ಬೈಯಲು ಬರುತ್ತಾನೆಂದು ಕಾದೆ. ಬಂದ. ಬೈಯಲಿಲ್ಲ.

"ಹಾಗಿದ್ರೆ ನಿಮಗೆ ಅವತ್ತೇ ಗೊತ್ತಿತ್ತು," ಅಂದ. "ನನ್ನ ಪಟ್ಟಿ ನೋಡಿದ ಕೂಡಲೇ. ಆದ್ರೂ ನನ್ನ ಮುಖ ಕೆಡಿಸಬಾರದು ಅಂತ ಸುಮ್ಮನಿದ್ರಿ. ನಾನಾಗಿದ್ರೆ ಕುರ್ಚಿಯಿಂದ ಎಳೆದು ಹಾಕ್ತಿದ್ದೆ. ಎಳೆದು ಹಾಕಿದ್ದೀನಲ್ಲ ನಿನ್ನನ್ನೇ." ಟೋಪಿ ತೆಗೆದು ಕೈಯಲ್ಲಿ ಹಿಡಿದ. "ಥ್ಯಾಂಕ್ಸ್ ಕಣೋ."

"ಡಾಕ್ಟರು ಏನಂದ್ರು?" ಅಂತ ಕೇಳಿದೆ. ಇನ್ನೇನು ಕೇಳಲಿ?

"ಕಿವಿ ವಯಸ್ಸಿಗೆ ತಕ್ಕ ಹಾಗೆ ಚೆನ್ನಾಗಿದೆಯಂತೆ. ತಲೆಯ ಫೋಟೊದಲ್ಲೂ ಏನೂ ಕಾಣಲಿಲ್ಲವಂತೆ. ಕಿವಿ ಸರಿ ಇದ್ದು ಇಲ್ಲದ್ದು ಕೇಳಿಸಿದ್ರೆ ಅದು ಇನ್ನೂ ಕೆಟ್ಟದ್ದು ತಾನೇ?"

ಅಲ್ಲಿಂದಾಚೆಗೆ ಅವನು ತನ್ನ ಬದುಕನ್ನು ಒಂದೊಂದಾಗಿ ಬಿಚ್ಚಿ ಕೊಟ್ಟ. ಕಡವೆಗಿಂತ ದೊಡ್ಡ ಎಲ್ಕ್ ಪ್ರಾಣಿಗಳ ಬೇಟೆಯಲ್ಲಿ ಅವನು ಸದ್ದು ಹಿಡಿಯುವ ಜಾಗದಲ್ಲಿ ನಿಲ್ಲುತ್ತಿದ್ದವನು. ಕೋವಿಯನ್ನು ಅಣ್ಣನ ಮಗನಿಗೆ ಕೊಟ್ಟ, ಇಲ್ಲದ ಪ್ರಾಣಿಗೆ ಹೊಡೆದು ಇರುವ ಮನುಷ್ಯನನ್ನು ಕೊಂದೇನು ಅಂದ. ಕಾರು ಬಿಡುವುದನ್ನು ನಿಲ್ಲಿಸಿದ. ರೇಡಿಯೊ ಪರವಾನಗಿಯನ್ನು ಲಕೋಟೆಯಲ್ಲಿಟ್ಟು ವಾಪಸು ಕಳಿಸಿದ. ಆ ವರ್ಷದ ಸ್ಪರ್ಧೆಯಲ್ಲಿ ಹಿಂದಿನ ಕೋಣೆಯ ತಂತಿಯನ್ನು ಮತ್ತೆ ಕಂಬಕ್ಕೆ ಸೇರಿಸಿ ಓಯ್ವನ ಕುರ್ಚಿಯಲ್ಲಿ ನಾನು ಕೂತೆ. ಇಪ್ಪತ್ತಮೂರು ವರ್ಷ ಬಯಸಿದ್ದ ಕುರ್ಚಿ. ಸ್ವರದ ಗುಂಡಿಯನ್ನು ಕೆಳಗೆ ತಿರುಗಿಸಿಕೊಂಡೆ. ಏಳುನೂರ ತೊಂಬತ್ತು ಮಾಡಿದೆ.

ಫೆಬ್ರವರಿಯಲ್ಲಿ ಒಂದು ದಿನ ದಿನಸಿ ಅಂಗಡಿಯಲ್ಲಿ ಐಲಿ ಸಿಕ್ಕಳು. ನಾನು ಹಾಲಿನ ಕಪಾಟಿನ ಹಿಂದೆ ತಲೆಮರೆಸಿಕೊಳ್ಳಲು ನೋಡಿದೆ, ಅವಳು ಬಂಡಿ ಅಡ್ಡ ಇಟ್ಟು ನಿಲ್ಲಿಸಿದಳು.

"ಫೋನ್ ರಿಂಗಾದ್ರೆ ಮೊದಲು ನನ್ನ ಮುಖ ನೋಡ್ತಾರೆ ತಾರ್ಮೊ. ನಾನು ಎದ್ರೆ, ಅದು ನಿಜವಾಗ್ಲೂ ರಿಂಗಾಗ್ತಿದೆ ಅಂತ. ನಾನು ಕೂತೇ ಇದ್ರೆ ಅವರೂ ಸುಮ್ಮನೆ ಕೂರ್ತಾರೆ. ಹೊರಗೆ ನಾಯಿ ಬೊಗಳಿದ್ರೆ, ಐಲಿ, ನಾಯಿ ಇದೆಯಾ ಅಂತಾರೆ. ನನ್ನ ದನಿ ಕೂಡ ಬಾಯಿ ಅಲುಗಾಡೋದು ನೋಡಿದ ಮೇಲೇ ನಂಬೋದು." ಅವಳು ನನ್ನ ತೋಳು ಹಿಡಿದಳು. "ನೀನು ಅವತ್ತು ಅಲ್ಲೇ ಇದ್ದೆ. ಹೇಳು, ಒಬ್ಬನಾದ್ರೂ ಇರಲಿಲ್ವಾ? ಐನೂರರಲ್ಲಿ ಒಬ್ಬ?"

"ಗೊತ್ತಿಲ್ಲ ಐಲಿ," ಅಂದೆ. "ನಾನು ಸೌನಾ ಒಲೆ ನೋಡ್ಕೊಳ್ತಿದ್ದೆ."

ಅವಳು ತೋಳು ಬಿಟ್ಟಳು. ಥೂ, ನನ್ನ ಬಾಳಿಗೆ! ಅವಳ ಬಂಡಿಯಲ್ಲಿದ್ದ ರೈ ರೊಟ್ಟಿ, ಮೀನು, ಬೆಳಕಿನ ಬಲ್ಬು, ಎಲ್ಲ ಇವತ್ತಿಗೂ ಕಣ್ಣ ಮುಂದೆ ಇವೆ.

ಮೂರು ದಿನ ನಿದ್ದೆ ಹತ್ತಲಿಲ್ಲ, ಅನ್ನ ಸೇರಲಿಲ್ಲ. ನಾಲ್ಕನೆಯ ದಿನ, ಗುರುವಾರ, ಹನ್ನೊಂದು ಗಂಟೆಯ ಬಿಸಿಲಲ್ಲಿ ಅವನ ಮನೆಗೆ ಹೊರಟೆ. ಎಲ್ಲ ಹೇಳಿಬಿಡುವುದೆಂದು. ಡಬ್ಬಿ, ಕ್ಯಾಸೆಟ್ಟು, ದ್ವೀಪ, ಗುಂಡಿ. ಬಡಿದರೆ ಬಡಿಸಿಕೊಳ್ಳುವುದೆಂದು. ಐಲಿಯ ಸ್ಕೀ ಬಾಗಿಲ ಬಳಿ ಇರಲಿಲ್ಲ, ಅವಳು ಹೊರಗೆ ಹೋಗಿದ್ದಳು. ಒಳ್ಳೆಯದೇ ಆಯಿತು ಅಂದುಕೊಂಡೆ. ಮೆಟ್ಟಿಲ ಪಕ್ಕದ ಅಡುಗೆಮನೆಯ ಕಿಟಕಿಯಿಂದ ಅವನು ಕಾಣುತ್ತಿದ್ದ. ಮೇಜಿನ ಮುಂದೆ ಕೂತು ಆಲೂಗಡ್ಡೆ ಹೆರೆಯುತ್ತಿದ್ದ.

ಬಾಗಿಲು ಬಡಿದೆ.

ಅವನ ಕೈ ನಿಂತಿತು. ತಲೆ ಎತ್ತಿದ. ನೇರ ಬಾಗಿಲ ಕಡೆ ನೋಡಿದ. ಸರಿಯಾಗಿ ಕೇಳಿಸಿಕೊಂಡಿದ್ದ, ಅನುಮಾನವೇ ಇಲ್ಲ. ಆಮೇಲೆ ಎದುರಿನ ಕುರ್ಚಿಯತ್ತ ನೋಡಿದ. ಅದರಲ್ಲಿ ಐಲಿ ಇರಲಿಲ್ಲ.

ಮತ್ತೆ ಬಡಿದೆ, ಜೋರಾಗಿ.

ಅವನು ಚಾಕು ಕೆಳಗಿಟ್ಟು ಎರಡು ಕೈಯಿಂದಲೂ ಕಿವಿ ಮುಚ್ಚಿಕೊಂಡ. ಕಣ್ಣು ಬಿಗಿಯಾಗಿ ಮುಚ್ಚಿ, ಅದು ಹೋಗಲೆಂದು ಕಾಯುತ್ತಾ, ತುಟಿಯಲ್ಲೇ ಏನನ್ನೋ ಎಣಿಸತೊಡಗಿದ. ನಾನು ಕಿಟಕಿಯ ಮುಂದೆ ಹೋಗಿ ನಿಲ್ಲಬಹುದಿತ್ತು. ಓಯ್ವ, ನಾನು ಕಣ್ರೀ, ತಾರ್ಮೊ ಎಂದು ಕೂಗಬಹುದಿತ್ತು. ಅವನು ಎಣಿಸಿ ಮುಗಿಸಿದ, ಕೈ ತೆಗೆದ, ಸ್ವಲ್ಪ ಹೊತ್ತು ಆಲಿಸಿದ. ನಾನು ಉಸಿರು ಬಿಗಿ ಹಿಡಿದು ನಿಂತಿದ್ದೆ. ಅವನು ಚಾಕು ಎತ್ತಿಕೊಂಡು ಆಲೂಗಡ್ಡೆ ಹೆರೆಯತೊಡಗಿದ ಮೇಲೆ ಸದ್ದಾಗದಂತೆ ಮೆಟ್ಟಿಲಿಳಿದು ಬಂದುಬಿಟ್ಟೆ.